ಧ್ವಜಕಟ್ಟೆಯ ಮೇಲೆ ಹೊತ್ತ ಹರಕೆ

ಮೂವತ್ತನಾಲ್ಕನೆಯ ವಯಸ್ಸಿಗೆ ನಿವೃತ್ತಿ ಎಂದರೆ ಕೇಳಿದವರು ನಗುತ್ತಾರೆ. ಆದರೆ ನಾನು ಮಾಡುತ್ತಿದ್ದ ಕೆಲಸದಿಂದ ನಾನು ನಿಜವಾಗಿಯೂ ನಿವೃತ್ತಳು. ಒಂಬತ್ತು ವರ್ಷ ನಮ್ಮ ಜಿಲ್ಲೆಯ ಒಬ್ಬ ಮುಖಂಡರಿಗೆ ಭಾಷಣ ಬರೆದುಕೊಟ್ಟೆ. ಅವರನ್ನು ಎಲ್ಲರೂ ಸಾಹೇಬ್ರು ಎನ್ನುತ್ತಿದ್ದರು, ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಇನ್ನು ಚುನಾವಣೆಗೆ ನಿಲ್ಲುವುದಿಲ್ಲ ಎಂದು ಅವರು ತೀರ್ಮಾನಿಸಿದ ದಿನ ನನ್ನ ಕೆಲಸವೂ ಮುಗಿಯಿತು. ಆಮೇಲೆ ಬೇರೆಯವರಿಗೆ ಬರೆಯಲಿಲ್ಲ. ಕಾರಣ ನನ್ನದು.

ಈಚೆಗೆ ಇಂಥದೇ ಕೆಲಸಕ್ಕೆ ಸೇರುತ್ತಿರುವ ಇಬ್ಬರು ಹುಡುಗಿಯರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಏನು ಓದಿಕೊಂಡು ಹೋಗಬೇಕು ಎಂದು ಕೇಳಿದರು. ಪುಸ್ತಕಗಳ ಹೆಸರು ಹೇಳಿ ಕಳಿಸಿದೆ. ಅವರು ಹೋದ ಮೇಲೆ, ಹೇಳಬೇಕಾದದ್ದನ್ನು ಹೇಳಲಿಲ್ಲ ಅನ್ನಿಸಿತು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ತೂಬಗೆರೆ ಕಡೆಯ ಒಂದು ಪಂಚಾಯಿತಿಯ ಅಧ್ಯಕ್ಷೆ ಮುನಿಲಕ್ಷ್ಮಮ್ಮ ಒಂದು ಆಗಸ್ಟ್ ಹದಿನೈದರಂದು ತಮ್ಮ ಬಾಯಿಂದಲೇ ಭಾಷಣ ಮಾಡುತ್ತಾರೋ, ಅಥವಾ ಅವರ ಗಂಡ ಅವರ ಕೈಯಿಂದ ಕಾಗದ ಇಸಿದುಕೊಂಡು ಓದುತ್ತಾರೋ ಎಂಬುದು ಈ ಬರಹದ ವಿಷಯ. ಅವತ್ತು ಅವರ ಬಾಯಿ ಕಟ್ಟಿದ್ದು ನಾನು. ಹೇಗೆ ಕಟ್ಟಿದೆ ಎಂದು ತಿಳಿಯಬೇಕಾದರೆ, ಅದಕ್ಕೂ ಮುಂಚೆ ನಾನು ಮಾಡಿದ ತಪ್ಪುಗಳನ್ನು ಒಂದೊಂದಾಗಿ ಹೇಳಬೇಕು.

ಸೇರಿದ ಮೊದಲ ವಾರವೇ ಸಾಹೇಬ್ರು ಹೇಳಿದ್ದರು: "ನೋಡಮ್ಮಾ, ನೀನು ಯೂನಿವರ್ಸಿಟಿಲಿ ಓದಿರೋಳು. ಮಧ್ಯದಲ್ಲಿ ಏನು ಬೇಕಾದ್ರೂ ಬರ್ಕೋ. ಶುರುವಿನ ನಾಕು ಸಾಲು ಮಾತ್ರ ಹುಷಾರು. ನಮ್ ಜನ ಅಲ್ಲೇ ತೂಕ ಹಾಕ್ತಾರೆ."

ಆ ನಾಲ್ಕು ಸಾಲು ಎಂದರೆ ದೇವರ ಹೆಸರುಗಳು. ರಾಜ್ಯೋತ್ಸವವಿರಲಿ, ಗಣರಾಜ್ಯೋತ್ಸವವಿರಲಿ, ಶಾಲೆಯ ಹೊಸ ಕೊಠಡಿ ತೆರೆಯುವುದಿರಲಿ, ಮೊದಲು ಆ ಊರಿನ ಗ್ರಾಮದೇವತೆಗೆ ನಮಸ್ಕಾರ, ಆಮೇಲೆ ನಾಡದೇವಿಗೆ, ಆಮೇಲೆ ಭಾರತಮಾತೆಗೆ. ಆ ಮೂರು ಮೆಟ್ಟಿಲು ಹತ್ತಿದ ಮೇಲೆಯೇ "ಬಂಧುಗಳೇ". ಇದನ್ನು ನಾನು ಅಲಂಕಾರ ಎಂದುಕೊಂಡಿದ್ದೆ. ಪತ್ರದ ಮೇಲೆ "ಕ್ಷೇಮ" ಎಂದು ಬರೆಯುವಂತೆ ಬರೆದು ಮುಂದೆ ಹೋಗುತ್ತಿದ್ದೆ.

ಸಮೇತನಹಳ್ಳಿ ಕಡೆಯ ಒಂದು ಊರಿನ ರಾಜ್ಯೋತ್ಸವಕ್ಕೆ ಸಾಹೇಬ್ರು ಅತಿಥಿ. ಆ ಊರಿನ ದೇವತೆ ಮಾರಮ್ಮ ಎಂದು ಯಾರೋ ಫೋನಿನಲ್ಲಿ ಹೇಳಿದರು, ಬರೆದುಕೊಟ್ಟೆ. ಸಾಹೇಬ್ರು "ಈ ಊರಿನ ಗ್ರಾಮದೇವತೆ ಮಾರಮ್ಮನ ಪಾದಕ್ಕೆ ನಮಿಸುತ್ತಾ" ಎಂದು ಓದಿದ ಕೂಡಲೇ ಎಡಗಡೆ ಕುಳಿತಿದ್ದ ಅರ್ಧ ಜನ ಎದ್ದು ನಿಂತರು. ಮುಂದಿನ ಸಾಲಿನ ಒಬ್ಬ ಮುದುಕಿ ಕೈ ಎತ್ತಿ ಕೂಗಿದಳು: "ಪಟಾಲಮ್ಮನ್ನ ನುಂಗ್ಬುಟ್ಯಾ ಸ್ವಾಮಿ?"

ಊರು ಎರಡು ಕೇರಿಗಳದು, ದೇವತೆಯರೂ ಇಬ್ಬರು. ಯಾರ ಹೆಸರು ಮೊದಲು ಎನ್ನುವುದಕ್ಕೆ ಅಲ್ಲಿ ಹಿಂದೆ ಜಗಳವೂ ಆಗಿತ್ತಂತೆ. ನನಗೆ ಗೊತ್ತಿರಲಿಲ್ಲ. ನಾನು ವೇದಿಕೆಯ ಹಿಂದೆ ಕುರ್ಚಿಯ ತುದಿಗೆ ಜಾರಿದೆ. ಸಾಹೇಬ್ರು ಕಾಗದ ಕೆಳಗಿಟ್ಟರು.

"ಅಜ್ಜೀ, ಕೂತ್ಕೋ. ನಿನಗೆ ಇಬ್ರು ಹೆಣ್ಮಕ್ಳು ಅಂತ ಇಟ್ಕೋ. ಒಬ್ಳು ಬಾಗ್ಲಾಗೆ ನಿಂತವಳೆ, ಇನ್ನೊಬ್ಳು ಅಡುಗೆ ಮನೇಲವಳೆ. ಯಾರನ್ನ ಮೊದ್ಲು ಮಾತಾಡಿಸ್ತೀಯಾ?"

"ಬಾಗ್ಲಾಗಿರೋಳ್ನ."

"ಹಂಗೆ ಮಾತಾಡಿಸ್ದೆ. ಪಟಾಲಮ್ಮ ಮನೆಯವ್ಳು. ಅವಳನ್ನ ಈಗ ಕರೀತೀನಿ, ನೀನೂ ಕೈ ಮುಗಿ."

ಜನ ನಕ್ಕು ಕುಳಿತರು. ವಾಪಸು ಬರುವಾಗ ಕಾರಿನಲ್ಲಿ ಸಾಹೇಬ್ರು ಬೈಯಲಿಲ್ಲ. "ಮತದಾರರ ಪಟ್ಟೀಲಿ ಒಂದು ಹೆಸರು ಬಿಟ್ಹೋದ್ರೆ ಸೇರಿಸ್ಬೋದಮ್ಮಾ," ಎಂದರು. "ಇದು ಹಂಗಲ್ಲ." ಅಷ್ಟೇ.

ಅಂದಿನಿಂದ ಒಂದು ಪುಸ್ತಕ ಇಟ್ಟೆ. ಊರಿನ ಹೆಸರು, ಕೇರಿಗಳು, ದೇವತೆಗಳು, ದರ್ಗಾ ಇದ್ದರೆ ಅದು, ಯಾರನ್ನು ಯಾರ ನಂತರ ಹೇಳಬೇಕು, ವಿಚಾರಿಸಲು ಯಾರ ನಂಬರು. ಕೆಲಸಕ್ಕೆ ಸೇರುವವರು ಇಂಥದೊಂದು ಪುಸ್ತಕ ಇಟ್ಟುಕೊಳ್ಳುವುದು ಒಳ್ಳೆಯದು. ನಾನು ಸೇರಿದಾಗ ಭಾಷಣವನ್ನು ಕೈಯಲ್ಲಿ, ಒಂದು ಹಾಳೆಗೆ ಎಂಟೇ ಸಾಲಿನಂತೆ ದಪ್ಪಗೆ ಬರೆಯುತ್ತಿದ್ದೆ. ಆಮೇಲೆ ದೊಡ್ಡ ಅಕ್ಷರದ ಪ್ರಿಂಟು ಬಂತು. ಆಮೇಲೆ ಸಾಹೇಬ್ರ ಮೊಬೈಲಿಗೇ ಕಳಿಸುತ್ತಿದ್ದೆ. ಅವರು ಕನ್ನಡಕ ಮರೆತ ದಿನ ಅದು ಕೆಲಸಕ್ಕೆ ಬರುತ್ತಿರಲಿಲ್ಲ. ಈಗ ಎರಡು ಸಾಲು ಹೇಳಿದರೆ ಯಂತ್ರವೇ ಇಡೀ ಭಾಷಣ ಬರೆದುಕೊಡುತ್ತದೆ. ಓದಿ ನೋಡಿದ್ದೇನೆ, ಮಧ್ಯದ ಭಾಗ ನನ್ನದಕ್ಕಿಂತ ಚೆನ್ನಾಗಿದೆ. ಪಟಾಲಮ್ಮ ಅಡುಗೆಮನೆಯಲ್ಲಿದ್ದಾಳೆಂದು ಮಾತ್ರ ಅದಕ್ಕೆ ಗೊತ್ತಿಲ್ಲ.

ಪುಸ್ತಕ ತುಂಬಿದಂತೆ ಇನ್ನೊಂದು ತೊಂದರೆ ಶುರುವಾಯಿತು. ಯಾರನ್ನೂ ಬಿಡಬಾರದೆಂಬ ಭಯಕ್ಕೆ ಹೆಸರುಗಳು ಉದ್ದವಾಗುತ್ತಾ ಹೋದವು. ರಾಜಘಟ್ಟದಲ್ಲಿ ಒಂದು ಸ್ವಾತಂತ್ರ್ಯೋತ್ಸವಕ್ಕೆ ಹೋಗಿದ್ದೆವು. ಅಲ್ಲಿ ಉತ್ಖನನ ನಡೆದು ಹಳೆಯ ಬೌದ್ಧ ವಿಹಾರದ ಕುರುಹುಗಳು ಸಿಕ್ಕಿದ್ದು ನಿಮಗೆ ಗೊತ್ತಿರಬಹುದು. ಸಾಹೇಬ್ರು ಹನ್ನೊಂದು ದೇವರುಗಳನ್ನು ನೆನೆದು, "ಬಂಧುಗಳೇ" ಎನ್ನುವ ಹೊತ್ತಿಗೆ ಬಿಸಿಲಲ್ಲಿ ನಿಂತ ಮಕ್ಕಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ರೈತ ಬಂದು ನನ್ನ ಪಕ್ಕ ನಿಂತರು.

"ಎಲ್ಲಾರ್ನೂ ಹೇಳಿದ್ರಿ ಮೇಡಂ. ನಮ್ಮೂರಾಗೆ ಮಣ್ಣು ತೋಡಿದ್ರೆ ಬುದ್ಧನ ಕಡೆಯೋರ ಇಟ್ಟಿಗೆ ಸಿಗ್ತವೆ. ಪಾಪ ಅವ್ರೇ ಮೊದ್ಲು ಬಂದಿದ್ದು. ಅವ್ರದೂ ಒಂದು ಹೆಸ್ರು ಸೇರಿಸ್ಕಳಿ."

ಬರೆದುಕೊಂಡೆ. ಬರೆದುಕೊಳ್ಳುವಾಗಲೇ ಗೊತ್ತಾಯಿತು, ಇದಕ್ಕೆ ಕೊನೆಯಿಲ್ಲ.

ಇಷ್ಟರವರೆಗಿನವು ನಗಬಹುದಾದ ತಪ್ಪುಗಳು. ಮುಂದಿನದು ಹಾಗಲ್ಲ.

ಒಂದು ಚುನಾವಣೆಯ ಮುಂಚಿನ ಗಣರಾಜ್ಯೋತ್ಸವ. ಸಂಜೆ ಪಟ್ಟಣದಲ್ಲಿ ಬಹಿರಂಗ ಸಭೆ. ಸಾಹೇಬ್ರು ಕರಡು ಓದಿ ಮೇಜಿನ ಮೇಲಿಟ್ಟರು. "ಎದುರಿನೋರು ಬೆಂಕಿ ಉಗುಳ್ತವ್ರೆ. ನಿಂದು ಮಜ್ಜಿಗೆ ಇದ್ದಂಗೈತೆ ಕಣಮ್ಮಾ. ಒಂದ್ ಸ್ವಲ್ಪ ಖಾರ ಹಾಕು."

ಖಾರ ಹಾಕಿದೆ. "ಈ ಮಣ್ಣನ್ನು ತಾಯಿ ಎಂದು ಪೂಜಿಸದವನಿಗೆ, ಈ ಮಣ್ಣಿಗೆ ತಲೆ ಬಾಗದವನಿಗೆ, ಈ ಮಣ್ಣಿನ ಅನ್ನ ತಿನ್ನುವ ಹಕ್ಕಿಲ್ಲ." ಹತ್ತೇ ನಿಮಿಷದಲ್ಲಿ ಬರೆದ ಸಾಲು. ಲಯ ಚೆನ್ನಾಗಿದೆ ಎಂದು ನನಗೇ ಅನ್ನಿಸಿತ್ತು. ಸಾಹೇಬ್ರು ಅದನ್ನು ಹೇಳಿದಾಗ ಬಿದ್ದ ಚಪ್ಪಾಳೆಯಂಥದು ನನ್ನ ಬೇರೆ ಯಾವ ಸಾಲಿಗೂ ಬಿದ್ದಿಲ್ಲ. ಶಿಳ್ಳೆಯೂ ಬಂತು. ಒಂದು ಕ್ಷಣ ನನಗೆ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಸಭೆ ಮುಗಿದ ಮೇಲೆ ಮೈಕ್‌ಸೆಟ್ಟಿನ ಇಮ್ತಿಯಾಜ್ ವೈರು ಸುತ್ತುತ್ತಿದ್ದರು. ಸುತ್ತಮುತ್ತಲ ಊರುಗಳಲ್ಲಿ ಮದುವೆ, ಪೂಜೆ, ಉರುಸು, ಸಭೆ, ಏನೇ ಇದ್ದರೂ ಮೈಕ್ ಅವರದೇ. ಮನೆಯಲ್ಲಿ ದಖ್ಖನಿ ಮಾತಾಡುವ ಅವರು ನನ್ನ ಭಾಷಣಗಳೆಲ್ಲವನ್ನೂ ಕೇಳಿದ್ದ ಒಬ್ಬರೇ ಮನುಷ್ಯರು. ಸಾಹೇಬ್ರೂ ಪೂರ್ತಿ ಕೇಳಿರಲಿಕ್ಕಿಲ್ಲ.

"ಸೌಂಡು ಸರಿಯಿತ್ತಾ ಮೇಡಂ?"

"ಚೆನ್ನಾಗಿತ್ತು."

"ಕೊನೇ ಸಾಲಿನವರ್ಗೂ ಕೇಳಿಸ್ಬೇಕು ಅಂತ ಇನ್ನೆರಡು ಬಾಕ್ಸ್ ಹಾಕಿದ್ದೆ." ಅವರು ವೈರು ಸುತ್ತುವುದನ್ನು ನಿಲ್ಲಿಸಲಿಲ್ಲ. "ನಾವು ದಿನಕ್ಕೆ ಐದು ಸಲ ಹಣೆ ನೆಲಕ್ಕೇ ಇಡ್ತೀವಿ ಮೇಡಂ. ಇನ್ನೂ ಎಷ್ಟು ಬಗ್ಬೇಕು ಅಂತ ಸಾಹೇಬ್ರನ್ನ ಸ್ವಲ್ಪ ಕೇಳಿ ಹೇಳಿ."

ಕೋಪವಿರಲಿಲ್ಲ ಧ್ವನಿಯಲ್ಲಿ. ಆ ಸಾಲು ಸಾಹೇಬ್ರದಲ್ಲ, ನನ್ನದು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಕೈಯಲ್ಲಿದ್ದ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಮಾರನೆಯ ದಿನ ಸಾಹೇಬ್ರಿಗೆ ಹೇಳಿದೆ, ಇನ್ನು ರಾಷ್ಟ್ರೀಯ ಹಬ್ಬದ ಭಾಷಣದಲ್ಲಿ ದೇವರ ಹೆಸರು ಬರೆಯುವುದಿಲ್ಲ ಎಂದು. ಅವರು ನನ್ನನ್ನು ಒಮ್ಮೆ ನೋಡಿದರು. "ನೀನು ಬರೀಬೇಡ. ನನಗೆ ಬಾಯಿಗೆ ಬಂದ್ರೆ ಹೇಳ್ಕೋತೀನಿ," ಎಂದರು. ಒಳ್ಳೆಯ ಯಜಮಾನರು. ನಾನು ಅದನ್ನೊಂದು ನಿಯಮ ಮಾಡಿಕೊಂಡೆ. ದೇಶದ ಮಾತು ಬೇರೆ, ದೇವರ ಮಾತು ಬೇರೆ; ಎರಡನ್ನೂ ಬೆರೆಸುವುದರಿಂದಲೇ ಇಮ್ತಿಯಾಜ್ ಹಾಗೆ ಕೇಳುವಂತಾಯಿತು ಎಂದು ತರ್ಕ ಕಟ್ಟಿಕೊಂಡೆ. ಆ ತರ್ಕದಲ್ಲಿ ಈಗಲೂ ನನಗೆ ದೊಡ್ಡ ದೋಷ ಕಾಣುವುದಿಲ್ಲ. ಆದರೆ ಅದನ್ನು ಹಿಡಿದುಕೊಂಡು ನಾನು ಹೋದದ್ದು ಮುನಿಲಕ್ಷ್ಮಮ್ಮನ ಹತ್ತಿರ.

ಮುನಿಲಕ್ಷ್ಮಮ್ಮನಿಗೆ ಆಗ ನಲವತ್ತೈದರ ಆಸುಪಾಸು. ಏಳನೇ ಕ್ಲಾಸು. ಊರಿನ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದವರು, ಮೀಸಲಾತಿಯಲ್ಲಿ ಅಧ್ಯಕ್ಷೆಯಾಗಿದ್ದರು. ಪಂಚಾಯಿತಿಯಲ್ಲಿ ಅವರ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ, ಅದರಲ್ಲಿ ಅವರ ಗಂಡ ಆಂಜಿನಪ್ಪ. ಸಹಿ ಅಮ್ಮನದು, ಮಾತು ಅಯ್ಯನದು ಎಂದು ಊರಲ್ಲಿ ಹೇಳಿಕೊಂಡು ನಗುತ್ತಿದ್ದರು. ಮೊದಲ ಗ್ರಾಮಸಭೆಯಲ್ಲಿ ಮಾತಾಡಿದ್ದೂ ಆಂಜಿನಪ್ಪನೇ. ಸಾಹೇಬ್ರಿಗೆ ಇದು ಸರಿ ಕಾಣಲಿಲ್ಲ. "ಆಗಸ್ಟ್ ಹದಿನೈದಕ್ಕೆ ಆಯಮ್ಮನೇ ಮಾತಾಡ್ಬೇಕು. ಅವತ್ತೂ ಅವನೇ ಮಾತಾಡಿದ್ರೆ ಇನ್ನು ಐದು ವರ್ಷ ಆ ಹೆಂಗಸ್ಗೆ ಬಾಯಿಲ್ಲ. ಹೋಗಿ ತಯಾರು ಮಾಡು," ಎಂದು ನನ್ನನ್ನು ಕಳಿಸಿದರು.

ನಾನು ಮೊದಲು ಅವರನ್ನು ನೋಡಿದ್ದು ಡೇರಿಯಲ್ಲಿ, ಬೆಳಗಿನ ಹಾಲಿನ ಹೊತ್ತಿಗೆ. ಸರತಿಯಲ್ಲಿ ನಲವತ್ತು ಜನ.

"ಲೇ ಗೋವಿಂದ, ನಿನ್ನ ಹಸು ಹಾಲು ಕೊಡ್ತದೋ ಬೋರ್‌ವೆಲ್ ನೀರು ಕೊಡ್ತದೋ? ತಗೊಂಡೋಗು, ಗಿಡಕ್ಕೆ ಹಾಕು!"

ಇಡೀ ಸರತಿ ನಕ್ಕಿತು. ಆ ಧ್ವನಿಗೆ ಮೈಕೇ ಬೇಡ ಎಂದುಕೊಂಡೆ. ಇನ್ನೊಂದನ್ನೂ ನೋಡಿದ್ದೆ, ಆದರೆ ಅದರ ಬಗ್ಗೆ ಯೋಚಿಸಲಿಲ್ಲ. ಮೊದಲ ಕ್ಯಾನಿನ ಮುಚ್ಚಳ ತೆಗೆಯುವ ಮುಂಚೆ ಅವರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು "ಅಮ್ಮಾ ಸಪ್ಪಲಮ್ಮಾ" ಎಂದರು. ಹಾಲು ಅಳೆಯುವ ಯಂತ್ರದ ಗುಂಡಿ ಒತ್ತುವಾಗಲೂ ಅದೇ. ಸಪ್ಪಲಮ್ಮ ಅವರ ಊರಿನ ದೇವತೆ.

ಒಂದೂವರೆ ಪುಟದ ಭಾಷಣ ಬರೆದುಕೊಟ್ಟೆ. ಸಂವಿಧಾನ, ಮಹಿಳೆಯರ ಹಕ್ಕು, ಕುಡಿಯುವ ನೀರು, ಶಾಲೆ. ದೇವರಿರಲಿಲ್ಲ. ಪಂಚಾಯಿತಿ ಕಚೇರಿಯಲ್ಲಿ ಅಭ್ಯಾಸಕ್ಕೆ ಕುಳಿತೆವು. ಮುನಿಲಕ್ಷ್ಮಮ್ಮ ಎದ್ದು ನಿಂತು ಕಾಗದ ಕಣ್ಣಿಗೊತ್ತಿಕೊಂಡು "ಅಮ್ಮಾ ಸಪ್ಪಲಮ್ಮಾ, ನಮ್ಮವ್ವಾ" ಎಂದು ಶುರು ಮಾಡಿದರು.

"ಅದು ಬೇಡ ಲಕ್ಷ್ಮಮ್ಮನೋರೇ," ಎಂದೆ. "ಇದು ದೇಶದ ಹಬ್ಬ. ಎಲ್ಲ ಧರ್ಮದವರೂ ಇರ್ತಾರೆ. ಒಬ್ಬರ ದೇವರ ಹೆಸರು ಹೇಳಿದರೆ ಇನ್ನೊಬ್ಬರಿಗೆ ಬೇಜಾರಾಗುತ್ತೆ. ನೇರವಾಗಿ 'ಗೌರವಾನ್ವಿತ ನಾಗರಿಕ ಬಂಧುಗಳೇ' ಅಂತ ಶುರು ಮಾಡಿ."

"ಯಾರಿಗೆ ಬೇಜಾರು?"

"ಈಗ ಇಮ್ತಿಯಾಜ್ ಮೈಕ್ ಹಾಕ್ತಾರಲ್ಲ, ಅಂಥವರಿಗೆ."

"ಓ," ಎಂದು ತಲೆಯಾಡಿಸಿದರು. ಮೊದಲ ಸಾಲು ಓದಿದರು. ನಿಂತರು. ಎರಡನೆಯ ಸಾಲು ಬರಲಿಲ್ಲ. ಮತ್ತೆ ಮೊದಲಿಂದ, ಮತ್ತೆ ಅಲ್ಲೇ ನಿಂತರು. ಮೂರು ದಿನ ಹೋದೆ, ಮೂರು ದಿನವೂ ಅಷ್ಟೇ. ಸಭಾಕಂಪವೆಂದು ತೀರ್ಮಾನಿಸಿದೆ. ಅಕ್ಷರ ದಪ್ಪ ಮಾಡಿದೆ, ವಾಕ್ಯ ಚಿಕ್ಕದು ಮಾಡಿದೆ, ಉಸಿರು ಎಳೆದು ಬಿಡಲು ಹೇಳಿದೆ. ನಲವತ್ತು ಜನರ ಮುಂದೆ ಗೋವಿಂದನ ಮಾನ ಕಳೆಯುವ ಹೆಂಗಸಿಗೆ ಸಭಾಕಂಪ ಹೇಗೆ ಬಂದೀತು ಎಂದು ನನ್ನನ್ನೇ ಕೇಳಿಕೊಳ್ಳಲಿಲ್ಲ. ಅವರನ್ನೂ ಕೇಳಲಿಲ್ಲ.

ಆಂಜಿನಪ್ಪ ಪಕ್ಕದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. "ನಾನ್ ಹೇಳ್ಲಿಲ್ವಾ ಮೇಡಂ? ಹಾಲಳೆಯೋದು ಬೇರೆ, ಭಾಷ್ಣ ಬೇರೆ. ಆ ಕಾಗ್ದದ್ದೊಂದು ಜೆರಾಕ್ಸ್ ನಂಗೂ ಕೊಟ್ಟಿರಿ."

"ಕೊಡ್ಬೇಡಿ," ಎಂದರು ಮುನಿಲಕ್ಷ್ಮಮ್ಮ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಕೊಟ್ರೆ ಅವ್ರೇ ಓದ್ಬುಡ್ತಾರೆ. ಒಂದ್ಸಲ ನಾನು ಮಾತಾಡ್ಬೇಕು ಕಣಮ್ಮಾ. ಒಂದೇ ಸಲ. ನಮ್ಮ ಹುಡ್ಗೀರು ನೋಡ್ಬೇಕು."

ಆಂಜಿನಪ್ಪ ಜೆರಾಕ್ಸನ್ನು ಕಾರ್ಯದರ್ಶಿಯ ಹತ್ತಿರ ಮಾಡಿಸಿಕೊಂಡರು.

ಆಗಸ್ಟ್ ಹದಿನೈದರ ಬೆಳಿಗ್ಗೆ ಏಳಕ್ಕೇ ಹೋದೆ. ಪಂಚಾಯಿತಿ ಅಂಗಳದ ಧ್ವಜಕಟ್ಟೆಯನ್ನು ಹೆಂಗಸರು ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ರಂಗೋಲಿ ಬಿಟ್ಟಿದ್ದರು. ಕಂಬದ ಬುಡಕ್ಕೆ ಅರಿಶಿನ ಕುಂಕುಮ, ಚೆಂಡುಹೂವು. ಕಟ್ಟೆಯಿಂದ ದೂರದಲ್ಲೇ ಎಲ್ಲರೂ ಚಪ್ಪಲಿ ಬಿಟ್ಟು ಬರುತ್ತಿದ್ದರು, ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರೂ. ಇಮ್ತಿಯಾಜ್ ಕೂಡ ಬರಿಗಾಲಲ್ಲೇ ಮೈಕಿನ ಕಂಬ ನಿಲ್ಲಿಸುತ್ತಿದ್ದರು. ನಾನು ಮಾತ್ರ ಚಪ್ಪಲಿಯಲ್ಲಿದ್ದೆ. ಧ್ವಜ ದೇವರಲ್ಲ ಎಂಬುದು ನನ್ನ ನಿಲುವಾಗಿತ್ತು.

ಮುನಿಲಕ್ಷ್ಮಮ್ಮ ಹಗ್ಗ ಎಳೆದರು. ಒಳಗಿಟ್ಟಿದ್ದ ಹೂವಿನ ಎಸಳು ಉದುರಿದವು. ರಾಷ್ಟ್ರಗೀತೆಯಾಯಿತು. ಶಾಲೆಯ ಮೇಷ್ಟ್ರು "ಈಗ ಮಾನ್ಯ ಅಧ್ಯಕ್ಷರಿಂದ ಮಾತು" ಎಂದರು.

ಅವರು ಮೈಕಿನ ಮುಂದೆ ಬಂದು ನಿಂತು ಕಾಗದ ಬಿಡಿಸಿದರು. "ಗೌರವಾನ್ವಿತ ನಾಗರಿಕ ಬಂಧುಗಳೇ." ಸ್ಪಷ್ಟವಾಗಿತ್ತು. ಆಮೇಲೆ ನಿಂತಿತು. ಜನ ಕಾದರು. ಮಕ್ಕಳು ಗುಸುಗುಸು ಎಂದರು. ಹಿಂದಿನಿಂದ ಒಬ್ಬ ಹುಡುಗ "ಗೋವಿಂದಣ್ಣನ ಹಾಲು ತಗೊಂಡ್ ಬನ್ನಿ, ಆಗ ಮಾತು ಬರ್ತದೆ!" ಎಂದ. ನಗೆ ಎದ್ದಿತು. ಆಂಜಿನಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಜೇಬಿನಿಂದ ಜೆರಾಕ್ಸ್ ತೆಗೆದು ಕಟ್ಟೆಯ ಮೊದಲ ಮೆಟ್ಟಿಲು ಹತ್ತಿದರು.

ಆಗ ಇಮ್ತಿಯಾಜ್ ಆಂಪ್ಲಿಫೈಯರ್ ಪಕ್ಕದಿಂದ ನನ್ನನ್ನು ಕರೆದರು. "ಮೇಡಂ, ಅಲ್ಲಿ ನೋಡಿ. ಅಮ್ಮನ ಬಾಯಿ ಆಡ್ತಾ ಇದೆ. ಮೈಕ್‌ಗೆ ಬೀಳ್ದಂಗೆ ಏನೋ ಹೇಳ್ತಾವ್ರೆ."

ನೋಡಿದೆ. ಮುಖವನ್ನು ಮೈಕಿನಿಂದ ಪಕ್ಕಕ್ಕೆ ತಿರುಗಿಸಿಕೊಂಡು ತುಟಿಯಲ್ಲೇ ಹೇಳುತ್ತಿದ್ದರು. ಏನೆಂದು ಕೇಳಿಸಬೇಕಾಗಿರಲಿಲ್ಲ. ಹಾಲಿನ ಕ್ಯಾನಿನ ಮುಚ್ಚಳ ತೆಗೆಯುವ ಮುಂಚೆ ಹೇಳುವುದನ್ನೇ ಹೇಳುತ್ತಿದ್ದರು. ದಿನದಲ್ಲಿ ಯಾವ ಕೆಲಸವನ್ನೂ ಆ ಹೆಸರಿಲ್ಲದೆ ಶುರು ಮಾಡದ ಹೆಂಗಸಿಗೆ, ಬದುಕಿನ ಅತಿ ದೊಡ್ಡ ಕೆಲಸವನ್ನು ಆ ಹೆಸರಿಲ್ಲದೆ ಶುರು ಮಾಡಿ ಎಂದಿದ್ದೆ. ನನಗೆ ಅಲಂಕಾರವಾಗಿದ್ದ ಸಾಲು ಅವರಿಗೆ ಬಾಗಿಲಾಗಿತ್ತು. ಬಾಗಿಲಿಗೆ ಬೀಗ ಹಾಕಿ, ಒಳಗೆ ಬನ್ನಿ ಎನ್ನುತ್ತಿದ್ದೆ.

ನಾನು ಜನರ ಮುಂದೆ ಹೋಗುವವಳಲ್ಲ. ಒಂಬತ್ತು ವರ್ಷವೂ ವೇದಿಕೆಯ ಹಿಂದೆಯೇ ಇದ್ದವಳು. ಅವತ್ತು ಚಪ್ಪಲಿ ಅಲ್ಲೇ ಬಿಟ್ಟು ಓಡಿ, ಆಂಜಿನಪ್ಪನನ್ನು ದಾಟಿ ಕಟ್ಟೆ ಹತ್ತಿದೆ.

"ಲಕ್ಷ್ಮಮ್ಮನೋರೇ, ನಾನು ಹೇಳಿದ್ದು ತಪ್ಪು. ನೀವು ಡೇರಿಯಲ್ಲಿ ಹೇಗೆ ಶುರು ಮಾಡ್ತೀರೋ ಹಾಗೇ ಮಾಡಿ."

"ಹೇಳ್ಬೋದಾ?" ಎಂದರು. ಮೈಕ್ ಎದುರಿಗೇ ಇತ್ತು. ಅವರ ಮಾತು ಊರಿಗೆಲ್ಲ ಕೇಳಿಸಿತು. "ಇಮ್ತಿಯಾಜು ನಿಂತವ್ನೆ. ಅವನಿಗೆ ಬೇಜಾರಾಗಲ್ವಾ?"

ಎಲ್ಲರ ತಲೆಯೂ ಇಮ್ತಿಯಾಜ್ ಕಡೆ ತಿರುಗಿತು. ಅವರು ಎರಡೂ ಕೈ ಎತ್ತಿದರು. "ಅರೇ, ನನ್ ಮೈಕ್‌ನಾಗೆ ಮಾತಾಡ್ದೇ ಇರೋ ದೇವ್ರೇ ಇಲ್ಲ ಕಣಮ್ಮಾ! ಬೇಜಾರು ಮಾಡ್ಕಂಡ್ರೆ ನನ್ ಹೊಟ್ಟೆ ನಡೆಯುತ್ತಾ? ನೀನು ಶುರು ಮಾಡು, ಬಿಸ್ಮಿಲ್ಲಾ ನಾನ್ ಹೇಳ್ಕೋತೀನಿ!"

ಅಂಗಳ ನಕ್ಕಿತು. ಮುನಿಲಕ್ಷ್ಮಮ್ಮನೂ ನಕ್ಕರು. ಕಾಗದವನ್ನು ನನ್ನ ಕೈಗೆ ಕೊಟ್ಟು ಕೈ ಮುಗಿದರು.

"ಅಮ್ಮಾ ಸಪ್ಪಲಮ್ಮಾ, ನಮ್ಮವ್ವಾ, ಬಾಯಿಗೆ ಮಾತು ಕೊಡು." ಕಣ್ಣು ಬಿಟ್ಟು ಜನರನ್ನು ನೋಡಿದರು. "ನಾನು ನಮ್ಮಮ್ಮನ್ನ ಕರ್ದೆ. ನೀವು ನಿಮ್ ನಿಮ್ಮೋರ್ನ ನೀವೇ ಕರ್ಕಳಿ. ದೇವ್ರಿಲ್ಲ ಅನ್ನೋರು ಹೆತ್ತೋರ್ನ ನೆನೀರಿ. ನಿಧಾನಕ್ಕೆ ಕರ್ಕಳಿ, ನಾನು ನಿಂತಿರ್ತೀನಿ."

ನಿಂತೇ ಇದ್ದರು. ಹಲವರು ಕಣ್ಣು ಮುಚ್ಚಿದರು. ಇಮ್ತಿಯಾಜ್ ಅಂಗೈ ಎರಡನ್ನೂ ಎದೆಯ ಮುಂದೆ ತೆರೆದು ಹಿಡಿದಿದ್ದರು. ನಾನು ಪುಸ್ತಕ ಇಟ್ಟು, ಪಟ್ಟಿ ಮಾಡಿ, ಹೊಡೆದುಹಾಕಿ ಬಗೆಹರಿಸಲಾಗದ್ದನ್ನು ಆ ಹೆಂಗಸು ಮೂರು ಮಾತಿನಲ್ಲಿ ಮುಗಿಸಿದ್ದರು.

"ಆಯ್ತಾ? ಯಾರೂ ಬಿಟ್ಟೋಗಿಲ್ಲ ತಾನೇ? ಈಗ ಕೇಳ್ಕಳಿ." ಧ್ವನಿ ಡೇರಿಯ ಧ್ವನಿಯಾಗಿತ್ತು. "ಪ್ರತಿ ವರ್ಷ ಈ ಬಾವುಟಕ್ಕೆ ಹೂವ ಇಡ್ತೀವಿ, ಚಪ್ಲಿ ಬಿಡ್ತೀವಿ, ಕಾಯಿ ಒಡೀತೀವಿ. ಮಿಠಾಯಿ ತಿಂದು ಮನೆಗೋಗ್ತೀವಿ. ದೇವ್ರು ಅಂತ ಕೈ ಮುಗುದ್ಮೇಲೆ ಹರಕೆ ಹೊರಬೇಕಲ್ವಾ? ನಾನು ಇವತ್ತು ಹೊರ್ತೀನಿ. ಒಂದು, ಗಾರ್ಮೆಂಟ್ಸ್ ಹುಡ್ಗೀರು ಬಸ್ಸಿಳ್ದು ಬರೋ ದಾರಿಗೆ ದೀಪ. ಎರಡು, ಸ್ಕೂಲಿನ ಹೆಣ್ಮಕ್ಳ ಶೌಚಾಲಯಕ್ಕೆ ಬಾಗ್ಲು, ಚಿಲ್ಕ, ನೀರು. ಬರೋ ಆಗಸ್ಟ್ ಹದಿನೈದರೊಳ್ಗೆ. ತೀರಿಸ್ದೇ ಇದ್ರೆ ಇದೇ ಕಟ್ಟೆ ಮೇಲೆ ನಿಂತು ತಪ್ಪು ಕಾಣಿಕೆ ಕಟ್ತೀನಿ."

ಹರಕೆ ಹೊತ್ತು ತೀರಿಸದವರು ತಪ್ಪಾಯಿತೆಂದು ಒಪ್ಪಿ ದೇವರ ಮುಂದೆ ಇಡುವ ದುಡ್ಡು ತಪ್ಪು ಕಾಣಿಕೆ. ಗುಡಿಯಲ್ಲಿ ಮಾಡುವುದು ಅದು. ಆಶ್ವಾಸನೆ ಕೊಟ್ಟ ರಾಜಕಾರಣಿ ಅದನ್ನು ಕಟ್ಟುತ್ತೇನೆ ಎಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮೊದಲು ಚಪ್ಪಾಳೆ ತಟ್ಟಿದವರು ಗಾರ್ಮೆಂಟ್ಸ್ ಹುಡುಗಿಯರು. ಆಂಜಿನಪ್ಪ ಮೆಟ್ಟಿಲ ಮೇಲೆಯೇ ನಿಂತಿದ್ದರು, ಆಮೇಲೆ ಕೆಳಗಿಳಿದು ಹೋಗಿ ಮಿಠಾಯಿ ಹಂಚಲು ಶುರು ಮಾಡಿದರು.

ಎಲ್ಲ ಮುಗಿದ ಮೇಲೆ ವೈರು ಸುತ್ತುತ್ತಿದ್ದ ಇಮ್ತಿಯಾಜ್ ಹತ್ತಿರ ಹೋದೆ. "ಗಣರಾಜ್ಯೋತ್ಸವದ ಆ ಸಾಲು, ಮಣ್ಣಿಗೆ ತಲೆ ಬಾಗೋದು, ಅದು ಸಾಹೇಬ್ರದಲ್ಲ. ನಾನು ಬರೆದದ್ದು. ಅವತ್ತೇ ಹೇಳಬೇಕಿತ್ತು."

"ಗೊತ್ತು ಮೇಡಂ," ಎಂದರು. "ಸಾಹೇಬ್ರಿಗೆ ಅಷ್ಟು ಒಳ್ಳೆ ಕನ್ನಡ ಎಲ್ಲಿ ಬರುತ್ತೆ? ಈ ತುದಿ ಸ್ವಲ್ಪ ಹಿಡ್ಕಳಿ."

ಹಿಡಿದುಕೊಂಡೆ. ಅವರು ಸುತ್ತಿದರು.

ಸಾಹೇಬ್ರಿಗೆ ನಡೆದದ್ದನ್ನೆಲ್ಲ ಹೇಳಿದೆ. ಖುಷಿಯಾಗಿ ಕೇಳಿದರು. "ಹರಕೆ! ಎಂಥಾ ಮಾತು ಅದು. ನಂಗೂ ಹಂಗೇ ಬರ್ಕೊಡು."

"ಬರ್ಕೊಡ್ತೀನಿ ಸಾರ್. ತಪ್ಪು ಕಾಣಿಕೆದೂ ಬರೀಲಾ?"

ಅವರು ಕಾಫಿ ಲೋಟ ಎತ್ತಿಕೊಂಡು ಒಂದು ಗುಟುಕು ಕುಡಿದರು. "ಬೇಡ ಬಿಡು. ನಿನ್ನ ಮಜ್ಜಿಗೇನೇ ಇರ್ಲಿ."

ಆ ವರ್ಷವೆಲ್ಲ ಆ ಊರಿನ ಸುದ್ದಿ ಬರುತ್ತಿತ್ತು. ಬಸ್ ಸ್ಟಾಪಿನಿಂದ ಊರಿನವರೆಗೆ ದೀಪದ ಕಂಬ ನಿಂತವು. ಶೌಚಾಲಯಕ್ಕೆ ಬಾಗಿಲು, ಚಿಲಕ ಬಂದವು. ನೀರು ಬರಲಿಲ್ಲ, ಪೈಪು ಎಲ್ಲಿಂದ ಎಳೆಯಬೇಕೆಂಬ ತಕರಾರು ಮುಗಿದಿರಲಿಲ್ಲ. ಪಂಚಾಯಿತಿಯಲ್ಲಿ ಪಕ್ಕದ ಕುರ್ಚಿಯನ್ನು ಯಾರೋ ಅಂಗನವಾಡಿಗೆ ಒಯ್ದಿದ್ದರು, ವಾಪಸು ತರಲು ಯಾರೂ ಹೋಗಲಿಲ್ಲ ಎಂದೂ ಕೇಳಿದೆ.

ಮುಂದಿನ ಆಗಸ್ಟ್ ಹದಿನಾಲ್ಕರಂದು ಫೋನು ಮಾಡಿ, "ಭಾಷಣ ಕಳಿಸ್ಲಾ?" ಎಂದು ಕೇಳಿದೆ.

"ಬ್ಯಾಡ ಕಣಮ್ಮಾ. ನೀನು ಬಂದು ಮುಂದ್ಗಡೆ ಕೂತ್ಕೋ, ಸಾಕು."

ಹೋಗಿ ಜನರ ನಡುವೆ ಕುಳಿತೆ. ಕೈಯಲ್ಲಿ ಕಾಗದವಿಲ್ಲದೆ ಒಂದು ಭಾಷಣ ಕೇಳಲು ಕುಳಿತದ್ದು ನನಗೆ ಅದೇ ಮೊದಲು. ಎಲ್ಲಿ ತಡವರಿಸುತ್ತಾರೋ ಎಂದು ಸಾಲಿನ ಮೇಲೆ ಬೆರಳಿಟ್ಟು ಕಾಯಬೇಕಾಗಿರಲಿಲ್ಲ.

ಮುನಿಲಕ್ಷ್ಮಮ್ಮ ತಮ್ಮ ಅಮ್ಮನನ್ನು ಕರೆದರು. ನಾವು ನಮ್ಮ ನಮ್ಮವರನ್ನು ಕರೆದುಕೊಂಡೆವು. ಆಮೇಲೆ ಅವರು ಸೆರಗಿನಿಂದ ಅರಿಶಿನದ ಬಟ್ಟೆಯ ಗಂಟೊಂದನ್ನು ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದರು.

"ದೀಪದ ಹರಕೆ ತೀರೈತೆ. ನೀರಿಂದು ತೀರಿಲ್ಲ. ಯಾರ ಮೇಲೂ ಹಾಕಲ್ಲ, ಹೊತ್ತೋಳು ನಾನು. ತಪ್ಪಾಯ್ತು." ಗಂಟನ್ನು ಕಂಬದ ಬುಡದಲ್ಲಿ ಚೆಂಡುಹೂವಿನ ನಡುವೆ ಇಟ್ಟು, ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. "ಇದು ಸ್ಕೂಲಿಗೆ. ಹೆಣ್ಮಕ್ಳು ಕೈ ತೊಳ್ಯಾಕೆ ಒಂದು ಡ್ರಮ್ಮಾದ್ರೂ ಬರ್ಲಿ, ಪೈಪು ಬರೋಗಂಟ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಗುಡಿಯಲ್ಲಿ ತಟ್ಟುವುದಿಲ್ಲವಲ್ಲ. ಹಿಂದಿನ ಸಾಲಿನಿಂದ ಸ್ಕೂ‌ಲ್ ಯೂನಿಫಾರಂನ ಹುಡುಗಿಯೊಬ್ಬಳು ಎದ್ದು ನಿಂತಳು. ಹೆದರಿಕೆಯೇನೂ ಇರಲಿಲ್ಲ.

"ಅಮ್ಮಾ, ಈ ವರ್ಷದ್ದು ಯಾವ ಹರಕೆ?"

"ಮೊದ್ಲು ನೀರು," ಎಂದರು ಮುನಿಲಕ್ಷ್ಮಮ್ಮ. ಮೈಕನ್ನು ಕಂಬದಿಂದ ಬಿಚ್ಚಿ ಅವಳ ಕಡೆ ಚಾಚಿದರು. "ಎರಡ್ನೇದು ನೀನು ಹೇಳು. ಬಾ ಇಲ್ಲಿ, ಗಟ್ಟಿಯಾಗಿ ಹೇಳು."